ರೀಕಾಲ್ ಆದ ಗಾಡಿಗಳ ವೈರಿಂಗ್, ಕಾಯಿಲ್, ಫ್ಯೂಯಲ್ ಪಂಪ್: ಹಾಸನ, ಚಿಕ್ಕಮಗಳೂರು ಕಡೆಯವರ ಚರ್ಚೆ

ಆರ್‌ಸಿಬುಕ್:
ಮಳೆ ಹಿಡಿಯುವ ಮುಂಚೆ ಎಲ್ಲರೂ ಒಮ್ಮೆ ನಿಮ್ಮ ಗಾಡಿಗೆ ರೀಕಾಲ್ (ದೋಷ ಕಂಡಾಗ ಕಂಪನಿಯೇ ಗಾಡಿ ವಾಪಸ್ ಕರೆದು ಪುಕ್ಕಟೆ ಸರಿಪಡಿಸುವುದು) ಇದೆಯಾ ಎಂದು ಷಾಸಿ ನಂಬರ್ ಹಾಕಿ ನೋಡಿಕೊಳ್ಳಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ಕಾರುಗಳು ತುಂಬ ಇವೆ. ಕಂಪನಿ ರೀಕಾಲ್ ಮಾಡಿದಾಗ ಮೆಸೇಜ್ ಹೋಗುವುದು ಶೋರೂಂ ದಾಖಲೆಯಲ್ಲಿರುವ ಫೋನ್ ನಂಬರಿಗೆ. ಅದು ಸಾಮಾನ್ಯವಾಗಿ ಮೊದಲ ಮಾಲೀಕರದ್ದು. ಆರ್‌ಸಿ ನಿಮ್ಮ ಹೆಸರಿಗೆ ಬಂದು ವರ್ಷ ಕಳೆದಿದ್ದರೂ ಕಂಪನಿಯವರ ಲೆಕ್ಕದಲ್ಲಿ ಹಳಬರ ಹೆಸರೇ ಕೂತಿರುತ್ತದೆ. ನನಗೆ ಕರೆ ಬಂದಿಲ್ಲ, ಹಾಗಾದರೆ ನನ್ನ ಗಾಡಿಗೆ ರೀಕಾಲ್ ಇಲ್ಲ ಎಂದುಕೊಂಡು ಕೂರಬೇಡಿ.

ನೋಡುವ ಕ್ರಮ: ಆರ್‌ಸಿಯಲ್ಲಿ 17 ಅಕ್ಷರದ ಷಾಸಿ ನಂಬರ್ ಇರುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಹಾಗೆ ಕಂಡರೆ ಒಂದು, ಸೊನ್ನೆ ಎಂದು ಓದಿ. ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಆ ನಂಬರ್ ಹಾಕಿ. ಕೆಲವರು ಇದಕ್ಕೆ ರೀಕಾಲ್ ಎಂಬ ಹೆಸರನ್ನೇ ಇಡುವುದಿಲ್ಲ, ‘ಸರ್ವಿಸ್ ಕ್ಯಾಂಪೇನ್’ ಅನ್ನುತ್ತಾರೆ, ಆ ಕೊಂಡಿಯನ್ನೂ ಒತ್ತಿ ನೋಡಿ. ವಾಹನ ತಯಾರಕರ ಸಂಘವಾದ ಸಿಯಾಮ್‌ನ ವೆಬ್‌ಸೈಟಿನಲ್ಲೂ ಕಂಪನಿಗಳು ತಾವಾಗಿ ಮಾಡಿದ ರೀಕಾಲ್‌ಗಳ ಪಟ್ಟಿ ಇದೆ. ವೆಬ್‌ಸೈಟು ಕೈಕೊಟ್ಟರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ‘ಈ ಷಾಸಿ ನಂಬರಿಗೆ ಬಾಕಿ ಕ್ಯಾಂಪೇನ್ ಏನಾದರೂ ಇದೆಯಾ’ ಅಂತಲೇ ಕೇಳಿ. ಬರೀ ಮಾಡೆಲ್ ಹೆಸರು ಹೇಳಿದರೆ ಬರೀ ಅಂದಾಜಿನ ಉತ್ತರ ಸಿಗುತ್ತದೆ.

ಇನ್ನೊಂದು ವಿಷಯ. ರೀಕಾಲ್ ನಿಲ್ಲುವುದು ತಯಾರಾದ ದಿನಾಂಕದ ಮೇಲೆ, ರಿಜಿಸ್ಟ್ರೇಷನ್ ದಿನಾಂಕದ ಮೇಲಲ್ಲ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಇರುತ್ತದೆ.

ಮೂಡಿಗೆರೆ_ಮಳೆ:
ಸುಜುಕಿ ಆಕ್ಸೆಸ್ 125, ತಯಾರಾದದ್ದು ನವೆಂಬರ್ 2022. ಜೋರು ಮಳೆಯಲ್ಲಿ ಬಂದ್ ಬೀಳುತ್ತೆ, ಮೀಟರಿನ ಸ್ಪೀಡು ಸೊನ್ನೆ ತೋರಿಸುತ್ತೆ. ಮೆಕ್ಯಾನಿಕ್ ಪ್ಲಗ್ ಬದಲಿಸಿ ಕಳಿಸಿದರು. ಇದು ರೀಕಾಲಿಗೆ ಬರುತ್ತಾ?

ಹಾಸನ_ಹಾರ್ನೆಸ್:
ಬರುವ ಸಾಧ್ಯತೆ ಜಾಸ್ತಿ, ಮೂಡಿಗೆರೆಯವರೇ. 2024ರ ಜುಲೈನಲ್ಲಿ ಸುಜುಕಿ ಸುಮಾರು 3.88 ಲಕ್ಷ ಸ್ಕೂಟರ್‌ಗಳನ್ನು ವಾಪಸ್ ಕರೆಯಿತು: ಆಕ್ಸೆಸ್ 125, ಅವೆನಿಸ್, ಬರ್ಗ್‌ಮನ್ ಸ್ಟ್ರೀಟ್. 30 ಏಪ್ರಿಲ್ 2022ರಿಂದ 3 ಡಿಸೆಂಬರ್ 2022ರ ನಡುವೆ ತಯಾರಾದವು. ನಿಮ್ಮ ತಿಂಗಳು ಅದರೊಳಗೇ ಬೀಳುತ್ತದೆ. ಷಾಸಿ ನಂಬರ್ ಹಾಕಿ ಖಚಿತ ಮಾಡಿಕೊಳ್ಳಿ.

ದೋಷ ಇರುವುದು ಇಗ್ನಿಷನ್ ಕಾಯಿಲ್‌ನಿಂದ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡುವ ಭಾಗ) ಪ್ಲಗ್‌ಗೆ ಹೋಗುವ ಹೆಚ್‌ಟಿ, ಅಂದರೆ ಹೈ ಟೆನ್ಷನ್ ವೈರಿನಲ್ಲಿ. ಎಂಜಿನ್ ಅಲುಗಾಟಕ್ಕೆ ಆ ವೈರು ಒಂದೇ ಜಾಗದಲ್ಲಿ ಬಾಗಿ ಬಾಗಿ ಹೊರಪದರ ಬಿರುಕು ಬಿಡುತ್ತದೆ. ಒಳಗೆ ಓಡುವುದು ಸಾವಿರಾರು ವೋಲ್ಟ್. ಒಣಗಿದ್ದಾಗ ಸುಮ್ಮನಿರುತ್ತದೆ, ಬಿರುಕಿಗೆ ನೀರು ತಾಗಿದ ಕೂಡಲೇ ಕರೆಂಟು ಹೊರಕ್ಕೆ ಹಾರುತ್ತದೆ. ಹಾಗೆ ಹಾರಿದ್ದು ಸ್ಪೀಡ್ ಸೆನ್ಸರ್, ಥ್ರಾಟಲ್ ಪೊಸಿಷನ್ ಸೆನ್ಸರ್ (ಎಕ್ಸಲೇಟರ್ ಎಷ್ಟು ತಿರುಗಿದೆ ಎಂದು ಅಳೆಯುವುದು) ಇವನ್ನೂ ಕೆಡಿಸಬಹುದು. ಅದಕ್ಕೇ ಎಂಜಿನ್ ನಿಲ್ಲುವುದರ ಜೊತೆಗೆ ಸ್ಪೀಡೂ ಸೊನ್ನೆ ಆಗುವುದು. ಎರಡೂ ಲಕ್ಷಣ ಒಟ್ಟಿಗೆ ಇದ್ದರೆ ಪ್ಲಗ್ ಬದಲಿಸಿ ಪ್ರಯೋಜನ ಇಲ್ಲ.

ಸರ್ವಿಸ್ ಸೆಂಟರಿಗೆ ಹೋದಾಗ ‘ಮಿಸ್ಸಿಂಗ್ ಆಗುತ್ತೆ’ ಅಂತ ಅಷ್ಟೇ ಬರೆಸಬೇಡಿ. ‘ಮಳೆಯಲ್ಲಿ ಎಂಜಿನ್ ನಿಲ್ಲುತ್ತದೆ, ಸ್ಪೀಡೋಮೀಟರ್ ಸೊನ್ನೆಗೆ ಬೀಳುತ್ತದೆ, ಹೆಚ್‌ಟಿ ಕಾರ್ಡ್ (ವೈರು) ಕ್ಯಾಂಪೇನ್ ಪರೀಕ್ಷಿಸಿ’ ಎಂದು ಜಾಬ್ ಕಾರ್ಡಿನಲ್ಲಿ, ಅಂದರೆ ಅವರು ಕೆಲಸ ಬರೆದುಕೊಳ್ಳುವ ಚೀಟಿಯಲ್ಲಿ, ಬರೆಸಿ. ಸೆನ್ಸರ್ ಈಗಾಗಲೇ ಹೋಗಿದ್ದರೆ ಅದೂ ಇದೇ ದೋಷದ ಫಲ ಎಂದು ಅದೇ ಕಾರ್ಡಿನಲ್ಲಿ ಸೇರಿಸಿ, ಬೇರೆ ಬಿಲ್ ಮಾಡಲು ಬಿಡಬೇಡಿ.

ಕೆಎ18_ಸವಾರ:
ಬುಲೆಟ್‌ಗೂ ಇದೇ ತರಹ ಇತ್ತಲ್ಲ?

ಹಾಸನ_ಹಾರ್ನೆಸ್:
ಹೌದು, 2021ರ ಮೇನಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್‌ಗಾಗಿ 2,36,966 ಗಾಡಿ ಕರೆಯಿತು: ಮೀಟಿಯಾರ್, ಕ್ಲಾಸಿಕ್, ಬುಲೆಟ್. ತಯಾರಾದದ್ದು ಡಿಸೆಂಬರ್ 2020ರಿಂದ ಏಪ್ರಿಲ್ 2021ರೊಳಗೆ. ಲಕ್ಷಣ: ಮಿಸ್‌ಫೈರ್ (ಕಿಡಿ ತಪ್ಪುವುದು), ಎಳೆತ ಕಮ್ಮಿ, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್. ಕಾಯಿಲ್ ಬದಲಿಸಬೇಕಾಗುವುದು ಶೇ. 10ಕ್ಕಿಂತ ಕಡಿಮೆ ಗಾಡಿಗಳಿಗೆ ಎಂದು ಕಂಪನಿಯೇ ಅಂದಾಜು ಮಾಡಿತ್ತು. ಅಂದರೆ ಕರೆದ ಗಾಡಿಗಳಿಗೆಲ್ಲ ಹೊಸ ಪಾರ್ಟ್ ಸಿಗುತ್ತದೆ ಎಂದಲ್ಲ. ಪರೀಕ್ಷಿಸಿ ‘ಸರಿ ಇದೆ’ ಎಂದು ಕಳಿಸುವುದೂ ರೀಕಾಲ್ ಕೆಲಸವೇ. ಅದೂ ಜಾಬ್ ಕಾರ್ಡಿನಲ್ಲಿ ಬರಬೇಕು.

ಹೋಂಡಾ ಹೈನೆಸ್ ಸಿಬಿ350 ಇಟ್ಟುಕೊಂಡವರಿಗೆ: ಡಿಸೆಂಬರ್ 2023ರಲ್ಲಿ ಬ್ಯಾಂಕ್ ಆ್ಯಂಗಲ್ ಸೆನ್ಸರ್‌ಗೆ ರೀಕಾಲ್ ಆಯಿತು. ಗಾಡಿ ಬಿದ್ದಾಗ ಎಂಜಿನ್ ಆಫ್ ಮಾಡುವ ಸೆನ್ಸರ್ ಅದು. ಅದರ ಮೋಲ್ಡಿಂಗಿನಲ್ಲಿ ಸಂದು ಉಳಿದು ನೀರು ಇಳಿದರೆ ಓಡುವಾಗಲೇ ಎಂಜಿನ್ ಆಫ್. ಚಾರ್ಮಾಡಿಯ ತಿರುವಿನಲ್ಲಿ ಹಿಂದೆ ಲಾರಿ ಇಟ್ಟುಕೊಂಡು ಅದನ್ನು ಪತ್ತೆ ಹಚ್ಚುವುದು ಬೇಡ.

ಬಾಡಿಅರ್ಥ್:
ಕಾರಿನವರು ಗಮನಿಸಬೇಕಾದದ್ದು ಮಾರುತಿಯ ಎಂಜಿಯು ರೀಕಾಲ್. ಮೋಟರ್ ಜನರೇಟರ್ ಯೂನಿಟ್ ಎಂದರೆ ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಕೂತು, ಬೆಲ್ಟ್ ಮೂಲಕ ಚಾರ್ಜೂ ಮಾಡಿ, ಎಂಜಿನ್ನಿಗೆ ಸಣ್ಣ ತಳ್ಳೂ ಕೊಡುವ ಯಂತ್ರ. ಡಿಸೆಂಬರ್ 2019ರಲ್ಲಿ 63,493 ಗಾಡಿ (ಸಿಯಾಜ್, ಎರ್ಟಿಗಾ, ಎಕ್ಸ್‌ಎಲ್6), ಆಮೇಲೆ ಸೆಪ್ಟೆಂಬರ್ 2021ರಲ್ಲಿ 1,81,754 ಪೆಟ್ರೋಲ್ ಗಾಡಿ. ಎರಡನೇ ಪಟ್ಟಿಯಲ್ಲಿ ವಿಟಾರಾ ಬ್ರೆಝಾ, ಎಸ್-ಕ್ರಾಸ್ ಕೂಡ ಸೇರಿದವು, ತಯಾರಾದದ್ದು 4 ಮೇ 2018ರಿಂದ 27 ಅಕ್ಟೋಬರ್ 2020ರವರೆಗೆ.

ಆ ಪ್ರಕಟಣೆಯಲ್ಲಿ ಒಂದು ಮಾತಿತ್ತು: ಪಾರ್ಟ್ ಬದಲಾಗುವವರೆಗೆ ನೀರು ನಿಂತ ಜಾಗದಲ್ಲಿ ಓಡಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳ ಮೇಲೆ ನೇರ ನೀರು ಹೊಡೆಸಬೇಡಿ. ಜುಲೈನಲ್ಲಿ ಕೊಟ್ಟಿಗೆಹಾರದವರು ಇದನ್ನು ಪಾಲಿಸುವುದು ಹೇಗೆ ಅನ್ನುವುದು ಬೇರೆ ಪ್ರಶ್ನೆ! ಆದರೆ ಎರಡನೆಯ ಅರ್ಧ ನಮ್ಮ ಕೈಯಲ್ಲೇ ಇದೆ. ತೋಟದ ಕೆಮ್ಮಣ್ಣು ಹಿಡಿದ ಗಾಡಿಯನ್ನು ವಾಟರ್ ಸರ್ವಿಸಿಗೆ ಬಿಟ್ಟರೆ ಬಾನೆಟ್ ಎತ್ತಿ ಪ್ರೆಷರ್ ಪೈಪ್ ಹಿಡಿಯುತ್ತಾರೆ. ವೈರು ಜೋಡಿಸುವ ಕಪ್ಲರಿನ ರಬ್ಬರ್ ಸೀಲು ಮೇಲಿಂದ ಬೀಳುವ ಮಳೆಯನ್ನು ತಡೆದೀತು, ಗೇಣು ದೂರದಿಂದ ಬರುವ ಪ್ರೆಷರ್ ನೀರನ್ನು ತಡೆಯುವುದಿಲ್ಲ. ಒಳಗೆ ಹೋದ ನೀರು ವೈರಿನ ಎಳೆಗಳ ಸಂದಿನಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಪಿನ್ನುಗಳ ತನಕ ಹೋಗುತ್ತದೆ. ತಿಂಗಳ ನಂತರ ಪಿನ್ ಹಸಿರು ಕಟ್ಟಿರುತ್ತದೆ, ಆಗ ಯಾರೂ ವಾಟರ್ ಸರ್ವಿಸನ್ನು ನೆನೆಸಿಕೊಳ್ಳುವುದಿಲ್ಲ.

ಬಾನೆಟ್ ಒಳಗೆ ಬರೀ ಒದ್ದೆ ಬಟ್ಟೆ, ಬ್ರಷ್ ಸಾಕು.

ಸಕಲೇಶಪುರ46:
ಮಹೀಂದ್ರಾ ಎಕ್ಸ್‌ಯುವಿ700 ವೈರಿಂಗ್ ರೀಕಾಲ್ ಬಗ್ಗೆ ಯಾರಾದರೂ ಹೇಳಿ. ನಮ್ಮ ಕಡೆ ಇಲಿ ಕಾಟ. ಸರ್ವಿಸ್ ಸೆಂಟರಿನವರು ‘ಇದು ಇಲಿ ಕಡಿದದ್ದು, ರೀಕಾಲಿಗೆ ಬರಲ್ಲ’ ಅಂದರೆ ಏನು ಮಾಡೋದು?

ಹಾಸನ_ಹಾರ್ನೆಸ್:
ಆಗಸ್ಟ್ 2023ರ ರೀಕಾಲ್ ಅದು. 8 ಜೂನ್ 2021ರಿಂದ 28 ಜೂನ್ 2023ರವರೆಗೆ ತಯಾರಾದ 1,08,306 ಗಾಡಿ. ಬಾನೆಟ್ ಅಡಿಯ ವೈರಿಂಗ್ ಲೂಮ್ (ಒಟ್ಟಿಗೆ ಕಟ್ಟಿದ ವೈರುಗಳ ಕಟ್ಟು, ಹಾರ್ನೆಸ್ ಅಂತಲೂ ಹೇಳುತ್ತಾರೆ) ಉಜ್ಜಿ ಕತ್ತರಿಸಿಹೋಗುವ ಅಪಾಯ ಇದೆ ಎಂದು ತಪಾಸಣೆಗೆ ಕರೆದರು.

ಇಲಿಯದ್ದೋ ಉಜ್ಜಿದ್ದೋ ಎಂದು ವೈರು ನೋಡಿದರೇ ಗೊತ್ತಾಗುತ್ತದೆ. ಇದನ್ನು ನೀವೇ ನೋಡಿ, ಗಾಡಿ ಒಪ್ಪಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

ಉಜ್ಜಿದ್ದಾದರೆ: ಲೂಮ್ ಯಾವುದೋ ಬ್ರಾಕೆಟ್ಟಿಗೋ ಲೋಹದ ಅಂಚಿಗೋ ತಾಗುವ ಒಂದೇ ಜಾಗದಲ್ಲಿ, ಒಂದೇ ಮಗ್ಗುಲಲ್ಲಿ, ಚಪ್ಪಟೆಯಾಗಿ ಸವೆದು ಹೊಳೆಯುತ್ತಿರುತ್ತದೆ. ಎದುರಿನ ಲೋಹದ ಮೇಲೂ ಬಣ್ಣ ಕಿತ್ತ ಗುರುತು ಇರುತ್ತದೆ. ಎರಡೂ ಗುರುತು ಒಂದಕ್ಕೊಂದು ಕೂಡುತ್ತವೆಯೇ ನೋಡಿ.

ಇಲಿಯಾದರೆ: ಜೋಡಿ ಹಲ್ಲಿನ ಗೀರು, ನಾಲ್ಕಾರು ಕಡೆ ಬಿಡಿ ಬಿಡಿಯಾಗಿ ಕಡಿತ, ಕತ್ತರಿಸಿದ ತುದಿ ಮೊಂಡು, ಸುತ್ತ ಹಿಕ್ಕೆ, ಬ್ಯಾಟರಿ ಟ್ರೇ ಮೇಲೆ ತರಗು, ಕಾಫಿ ಸಿಪ್ಪೆ.

ಮೂರನೆಯದು ಕರಗಿದ್ದು. ಪ್ಲಾಸ್ಟಿಕ್ ಒಳಗಿನಿಂದ ಗುಳ್ಳೆ ಎದ್ದು ಉದ್ದಕ್ಕೂ ಮೆತ್ತಗಾಗಿದ್ದರೆ ವೈರಿನಲ್ಲಿ ಹೆಚ್ಚು ಕರೆಂಟ್ ಹರಿದಿದೆ. ಹೊರಗಿನ ಒಂದು ಮಗ್ಗುಲು ಮಾತ್ರ ಸುಟ್ಟಿದ್ದರೆ ಸೈಲೆನ್ಸರ್ ಪೈಪಿನಂಥ ಬಿಸಿಗೆ ತಾಗಿದೆ.

ಇಲಿ ಕಡಿದದ್ದಕ್ಕೆ ರೀಕಾಲೂ ಇಲ್ಲ, ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಏನಿದೆ ನೋಡಬೇಕು. ಆದರೆ ಇಲಿ ಒಂದು ಕಡೆ ಕಡಿದಿದ್ದರೂ ರೀಕಾಲಿನ ಜಾಗದ ತಪಾಸಣೆ ಮಾಡಿಕೊಡಲೇಬೇಕು, ಅದನ್ನು ತಳ್ಳಿಹಾಕುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಸಾಲು ಬರೆಸಿ.

ಅರಸೀಕೆರೆ_ಜಂಕ್ಷನ್:
ಇಷ್ಟೆಲ್ಲ ಯಾಕೆ ಸರ್? ಉಜ್ಜಿದ ವೈರಿಗೆ ಟೇಪ್ ಸುತ್ತಿ, ಫ್ಲೆಕ್ಸಿಬಲ್ ಪೈಪ್ ಹಾಕಿ ಟೈ ಕಟ್ಟಿದರೆ ಮುಗೀತು. ಬಿ.ಎಂ. ರಸ್ತೆಯ ಯಾವ ಆಟೋ ಎಲೆಕ್ಟ್ರಿಷಿಯನ್ನೂ ಅರ್ಧ ಗಂಟೆಯಲ್ಲಿ ಮಾಡಿಕೊಡ್ತಾರೆ. ಶೋರೂಮಿಗೆ ಹೋದರೆ ಇಡೀ ದಿನ ಹಾಳು.

ಬಾಡಿಅರ್ಥ್:
ಅಣ್ಣಾ, ಕೆಲಸ ಬರುವ ಎಲೆಕ್ಟ್ರಿಷಿಯನ್ ಬಗ್ಗೆ ನನ್ನ ತಕರಾರಿಲ್ಲ. ಸರ್ವಿಸ್ ಸೆಂಟರಿನ ಹುಡುಗರಿಗಿಂತ ಅವರಲ್ಲಿ ಕೆಲವರಿಗೆ ವೈರಿಂಗ್ ಚೆನ್ನಾಗಿ ಗೊತ್ತು. ತೊಂದರೆ ಬರುವುದು ನಂತರ. ಹೊರಗೆ ಕೈ ಹಾಕಿಸಿದ ಮೇಲೆ ಅದೇ ಲೂಮ್ ಸುಟ್ಟರೆ ಕಂಪನಿ ಮೊದಲು ತೋರಿಸುವುದು ಆ ಟೇಪನ್ನೇ. ಕ್ಯಾಂಪೇನ್ ಬಾಕಿ ಇದ್ದರೆ ಮೊದಲು ಅದು ಮುಗಿಯಲಿ. ಹಳೆಯ ಗಾಡಿ, ರೀಕಾಲ್ ಪಟ್ಟಿಯಲ್ಲೇ ಇಲ್ಲ ಎಂದಾದರೆ ನೀವು ಹೇಳಿದ ದಾರಿ ಸರಿ. ಆಗಲೂ ಪಿವಿಸಿ ಟೇಪ್ ಬೇಡ, ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹಾರ್ನೆಸ್‌ಗೆಂದೇ ಬರುವ ಬಟ್ಟೆ ಟೇಪ್ ಸುತ್ತಿ, ಮೇಲೆ ಸುಕ್ಕು ಪೈಪ್ ಹಾಕಿ, ರಬ್ಬರ್ ಒಳಪದರ ಇರುವ ಕ್ಲಿಪ್‌ನಿಂದ ಬಾಡಿಗೆ ಬಿಗಿಯಿರಿ. ಟೈ ಮಾತ್ರ ಕಟ್ಟಿದರೆ ಲೂಮ್ ಅಲುಗುವುದು ನಿಲ್ಲುವುದಿಲ್ಲ, ಸವೆಯುವ ಜಾಗ ನಾಲ್ಕು ಬೆರಳು ಆಚೆ ಹೋಗುತ್ತದೆ ಅಷ್ಟೆ.

ತಾಮ್ರ ಕಂಡಿದ್ದರೆ ಟೇಪ್ ಸಾಲದು. ಆ ತುಂಡು ತೆಗೆದು ಅದೇ ದಪ್ಪದ ವೈರು ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕಬೇಕು. ಏರ್‌ಬ್ಯಾಗ್‌ನ ಹಳದಿ ಕಪ್ಲರ್ ವೈರಿಗೆ ಇದನ್ನೂ ಮಾಡಬಾರದು. ಮಲ್ಟಿಮೀಟರ್ ಕೂಡ ಹಿಡಿಯಬಾರದು. ಅದು ಸರ್ವಿಸ್ ಸೆಂಟರ್ ಕೆಲಸ.

ಅರಸೀಕೆರೆ_ಜಂಕ್ಷನ್:
ಸರಿ, ಟೇಪ್ ವಿಷಯ ಒಪ್ಪಿದೆ. ದಿನ ಹಾಳಾಗುವುದಕ್ಕೆ ಏನು ಹೇಳ್ತೀರಿ?

ಆರ್‌ಸಿಬುಕ್:
ಪಾರ್ಟ್ ಬಂದಿದೆಯಾ ಎಂದು ಕೇಳಿಯೇ ಹೊರಡಿ. ಷಾಸಿ ನಂಬರ್ ಕೊಟ್ಟು ‘ಕ್ಯಾಂಪೇನ್ ಪಾರ್ಟ್ ಸ್ಟಾಕ್ ಇದೆಯೇ, ಎಷ್ಟು ಗಂಟೆ ಕೆಲಸ’ ಎಂದು ವಾಟ್ಸ್ಆ್ಯಪ್ ಅಥವಾ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಕಳಸ, ಶೃಂಗೇರಿ ಕಡೆಯಿಂದ ಚಿಕ್ಕಮಗಳೂರಿಗೆ ಇಳಿದು ‘ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಅನ್ನಿಸಿಕೊಳ್ಳುವುದಕ್ಕಿಂತ ಅದು ಮೇಲು. ರೀಕಾಲ್ ಕೆಲಸವನ್ನು ಆ ಕಂಪನಿಯ ಯಾವ ಅಧಿಕೃತ ಸೆಂಟರಿನಲ್ಲಾದರೂ ಮಾಡಿಸಬಹುದು, ಕೊಂಡ ಶೋರೂಮೇ ಆಗಬೇಕೆಂದಿಲ್ಲ. ಓಡಿಸಲು ಆಗದ ಸ್ಥಿತಿ ಇದ್ದರೆ ಟೋ ಮಾಡಿಸಿಕೊಡಿ ಎಂದು ಬರೆದು ಕೇಳಿ.

ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿ ಇರಬೇಕಾದ್ದು: ಕ್ಯಾಂಪೇನ್ ಕೋಡ್, ತೆಗೆದ ಪಾರ್ಟ್ ನಂಬರ್, ಹಾಕಿದ ಪಾರ್ಟ್ ನಂಬರ್, ಓಡಿದ ಕಿಲೋಮೀಟರ್, ಪಾರ್ಟು ಮತ್ತು ಲೇಬರ್ ಎರಡೂ ಸೊನ್ನೆ. ಹಳೆಯ ಪಾರ್ಟ್ ಕಂಪನಿಗೆ ವಾಪಸ್ ಹೋಗುತ್ತದೆ, ಕೈಗೆ ಕೊಡುವುದಿಲ್ಲ. ಫೋಟೊ ತೆಗೆಯಲು ಅಡ್ಡಿ ಇಲ್ಲ. ‘ಆಯಿಲ್ ಚೇಂಜ್ ಮಾಡಿಸಿದರೆ ಮಾತ್ರ ರೀಕಾಲ್ ಮಾಡ್ತೀವಿ’ ಅಂದರೆ ಒಪ್ಪಬೇಡಿ.

ಕೆಎ18_ಸವಾರ:
ಫ್ಯೂಯಲ್ ಪಂಪ್ ರೀಕಾಲ್ ಪದೇ ಪದೇ ಬರುತ್ತಲ್ಲ, ಅದೂ ಎಲೆಕ್ಟ್ರಿಕಲ್ ಲೆಕ್ಕವೇ?

ಹಾಸನ_ಹಾರ್ನೆಸ್:
ಪಂಪು ಟ್ಯಾಂಕಿನೊಳಗೆ ಮುಳುಗಿರುವ ಎಲೆಕ್ಟ್ರಿಕ್ ಮೋಟರ್. ಕೆಡುವುದು ಮೋಟರೂ ಆಗಬಹುದು, ಅದರ ತುದಿಯಲ್ಲಿ ತಿರುಗಿ ಇಂಧನ ತಳ್ಳುವ ಪ್ಲಾಸ್ಟಿಕ್ ಚಕ್ರ, ಅಂದರೆ ಇಂಪೆಲ್ಲರೂ ಆಗಬಹುದು. ಅಕ್ಟೋಬರ್ 2024ರಲ್ಲಿ ಹೋಂಡಾ ಕಾರ್ಸ್ 90,468 ಗಾಡಿ ಕರೆದದ್ದು ಇಂಪೆಲ್ಲರ್‌ಗೆ. ಜುಲೈ 2020ರಲ್ಲಿ ಮಾರುತಿ 1,34,885 ವ್ಯಾಗನ್‌ಆರ್, ಬಲೆನೊ ಕರೆದದ್ದೂ ಪಂಪಿಗೇ. ಮಾರ್ಚ್ 2024ರಲ್ಲಿ ಮತ್ತೆ ಬಲೆನೊ 11,851, ವ್ಯಾಗನ್‌ಆರ್ 4,190, ಆ ಸಲ ಪಂಪಿನ ಮೋಟರಿನ ಭಾಗ.

ಪರೀಕ್ಷೆ ಸುಲಭ. ಸದ್ದಿಲ್ಲದ ಜಾಗದಲ್ಲಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ಗುಂಯ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಫ್ಯೂಸ್, ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ನೋಡಿ. ಅವು ಸರಿ ಇದ್ದೂ ಸದ್ದಿಲ್ಲ ಎಂದರೆ ಪಂಪಿನ ಕಡೆಯ ತೊಂದರೆ.

ಬಾಡಿಅರ್ಥ್:
ಫ್ಯೂಸ್ ಮಾತು ಬಂತು, ಹೇಳಿಬಿಡುತ್ತೇನೆ. ಬ್ಲೇಡ್ ಫ್ಯೂಸಿಗೆ ಬಣ್ಣವೇ ಅಳತೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ನೀಲಿ ಸುಟ್ಟ ಜಾಗಕ್ಕೆ ಹಸಿರು ಹಾಕಿದರೆ ಮುಂದಿನ ಸಲ ಫ್ಯೂಸ್ ಉಳಿದು ವೈರು ಸುಡುತ್ತದೆ. ರೀಕಾಲ್ ತಿರಸ್ಕರಿಸಲು ಇದಕ್ಕಿಂತ ಸುಲಭದ ನೆಪ ಕಂಪನಿಗೆ ಬೇರೆ ಬೇಡ.

ಮಂಜಿಗೆ ಫಾಗ್ ಲ್ಯಾಂಪ್ ಹಾಕಿಸುವವರಿಗೂ ಇದೇ ಮಾತು. ಹೆಡ್‌ಲೈಟಿನ ಹೆಚ್4 ಬಲ್ಬ್ 60/55 ವ್ಯಾಟ್. ಎಡ, ಬಲ ಎರಡೂ ಬಲ್ಬಿನ 60 ವ್ಯಾಟ್ ಸೇರಿ 12 ವೋಲ್ಟಿಗೆ 10 ಆಂಪಿಯರ್. ಅಲ್ಲಿ 100 ವ್ಯಾಟಿನದು ಹಾಕಿದರೆ ಅದೇ ವೈರು, ಅದೇ ಸ್ವಿಚ್ಚಿನ ಮೇಲೆ 16 ದಾಟುತ್ತದೆ. ಫಾಗ್ ಲ್ಯಾಂಪಿಗೆ ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಸಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ರಿಲೇ ಹಾಕಿಸಿ, ಕಂಪನಿ ವೈರನ್ನು ಕತ್ತರಿಸಿ ಜೋಡಿಸಲು ಬಿಡಬೇಡಿ. ಅರ್ಥ್ ವೈರು, ಪೇಂಟ್ ಕೆರೆದ ಬಾಡಿ ಬೋಲ್ಟಿಗೆ ಹೋಗಲಿ. ಲೈಟ್ ಉರಿಯುತ್ತಿರುವಾಗ ಬ್ಯಾಟರಿ ನೆಗೆಟಿವ್‌ಗೂ ಆ ಬೋಲ್ಟಿಗೂ ಮಲ್ಟಿಮೀಟರ್ ಹಿಡಿದರೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಆ ಅರ್ಥ್ ಬಿಸಿಯಾಗುತ್ತಿದೆ.

ಸಕಲೇಶಪುರ46:
ಎಲೆಕ್ಟ್ರಿಕ್ ಗಾಡಿಗಳಿಗೆ?

ಆರ್‌ಸಿಬುಕ್:
ಸ್ಕೂಟರ್‌ಗಳಲ್ಲಿ 2022ರ ಬೇಸಿಗೆಯ ಬೆಂಕಿ ಪ್ರಕರಣಗಳ ನಂತರ ಓಲಾ 1,441, ಒಕಿನಾವಾ 3,215 ಗಾಡಿ ಕರೆದವು. ಒಕಿನಾವಾದವರು ನೋಡಿದ್ದು ಬ್ಯಾಟರಿಯ ಸಡಿಲ ಕನೆಕ್ಟರ್ ಮತ್ತು ಹಾನಿ. ಬ್ಯಾಟರಿ ಸುರಕ್ಷತೆಯ ಎಐಎಸ್-156 ಬಿಗಿ ನಿಯಮಗಳು ಡಿಸೆಂಬರ್ 2022 ಮತ್ತು ಮಾರ್ಚ್ 2023ರ ಕೊನೆ ಎಂದು ಎರಡು ಹಂತದಲ್ಲಿ ಜಾರಿಯಾದವು. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ತಯಾರಾದ ತಿಂಗಳು ನೋಡದೆ ಮುಂಗಡ ಕೊಡಬೇಡಿ.

ಕಾರುಗಳಲ್ಲಿ 2024ರಲ್ಲಿ ಹ್ಯುಂಡೈ ಅಯಾನಿಕ್ 5 (1,744) ಮತ್ತು ಕಿಯಾ ಇವಿ6 (1,138) ರೀಕಾಲ್ ಆದದ್ದು ಐಸಿಸಿಯು ಎಂಬ ಚಾರ್ಜಿಂಗ್ ಘಟಕಕ್ಕೆ. ಅದು ಕೆಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಸಣ್ಣ ಬ್ಯಾಟರಿ ಬರಿದಾಗಿ ಗಾಡಿ ನಿಲ್ಲಬಹುದು. ಡ್ಯಾಶ್‌ಬೋರ್ಡಿನಲ್ಲಿ 12 ವೋಲ್ಟ್ ಎಚ್ಚರಿಕೆ ಬಂದರೆ ಘಾಟಿ ಹತ್ತಬೇಡಿ.

ಚಾರ್ಜರ್ ವೋಲ್ಟೇಜ್ ಏರುಪೇರಿಗೆ ಸುಟ್ಟರೆ ಅದು ರೀಕಾಲಲ್ಲ. ತೋಟದ ಮನೆಯ ಲೈನಿನ ಅರ್ಥಿಂಗ್ ಮೊದಲು ಸರಿ ಮಾಡಿಸಿ. ಕರೆಂಟ್ ಕೊಡುವ ಕಂಪನಿ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಆದರೆ ಮೀಟರಿನಿಂದ ಈಚೆಯದು ನಿಮ್ಮ ಜವಾಬ್ದಾರಿ.

ಮೂಡಿಗೆರೆ_ಮಳೆ:
ಷಾಸಿ ನಂಬರ್ ಹಾಕಿದೆ, ಕ್ಯಾಂಪೇನ್ ಬಾಕಿ ತೋರಿಸ್ತಿದೆ. ಒಂದು ವೇಳೆ ಮಾಡಿಕೊಡಲ್ಲ ಅಂದರೆ ಮುಂದಿನ ದಾರಿ ಯಾವುದು? ಆರ್‌ಟಿಓಗೆ ದೂರು ಕೊಡಬಹುದಾ?

ಆರ್‌ಸಿಬುಕ್:
ಆರ್‌ಟಿಓ ಕಚೇರಿ ರಿಪೇರಿ ಮಾಡಿಸಿಕೊಡುವ ಜಾಗವಲ್ಲ. ಮೊದಲು ಸರ್ವಿಸ್ ಸೆಂಟರ್ ನಿರಾಕರಿಸಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಕೊಡದಿದ್ದರೆ ‘ಇಂಥ ದಿನ ಬಂದಿದ್ದೆ, ಮಾಡಿಕೊಡಲಿಲ್ಲ’ ಎಂದು ನೀವೇ ಕಂಪನಿಯ ಕಸ್ಟಮರ್ ಕೇರ್ ಇಮೇಲಿಗೆ ಕಳಿಸಿ. ಬಹುಪಾಲು ಅಲ್ಲೇ ಮುಗಿಯುತ್ತದೆ. ಆಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು.

ಇನ್ನೂ ರೀಕಾಲ್ ಆಗದ ದೋಷ, ಒಂದೇ ಮಾಡೆಲ್ಲಿನಲ್ಲಿ ಹಲವರಿಗೆ ಕಾಣುತ್ತಿದೆ ಎಂದರೆ ಅದಕ್ಕೆ ವಾಹನ್ ಪೋರ್ಟಲ್ಲಿನ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಅದರ ನಿಯಮಗಳು 1 ಏಪ್ರಿಲ್ 2021ರಿಂದ ಜಾರಿಯಲ್ಲಿವೆ. 7 ವರ್ಷ ಮೀರದ ಗಾಡಿಗಳಿಗೆ ಅನ್ವಯ, ಕಡ್ಡಾಯ ರೀಕಾಲ್ ಆದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ. ಮಾರಾಟವಾದ ಗಾಡಿಗಳಿಗೆ ತಕ್ಕಂತೆ ಇಷ್ಟು ದೂರು ಬರಬೇಕು ಎಂಬ ಮಿತಿ ಇದೆ. ನೂರು ಜನ ಗ್ಯಾರೇಜಿನಲ್ಲಿ ಗೊಣಗಿದರೆ ಒಂದೂ ಲೆಕ್ಕಕ್ಕೆ ಬರುವುದಿಲ್ಲ.

ಸಕಲೇಶಪುರ46:
ಅಕಸ್ಮಾತ್ ಗಾಡಿಯೇ ಹೊತ್ತಿಕೊಂಡರೆ?

ಬಾಡಿಅರ್ಥ್:
ಬಾನೆಟ್ ಅಡಿಯಿಂದ ಹೊಗೆ ಬಂದರೆ ಕೀ ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ, 112ಕ್ಕೆ ಕರೆ ಮಾಡಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಎದ್ದೇಳುತ್ತದೆ. ಆರಿದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಬರುವ ತನಕ ಯಾವ ವೈರನ್ನೂ ಮುಟ್ಟಲು ಬಿಡಬೇಡಿ. ಅಗ್ನಿಶಾಮಕ ದಳದ ವರದಿ ಪಡೆಯಿರಿ. ಫ್ಯೂಸ್ ಬಾಕ್ಸ್, ಬ್ಯಾಟರಿ ಟರ್ಮಿನಲ್, ಲೂಮ್ ಹಾದುಹೋಗುವ ಜಾಗ, ಈ ಮೂರರ ಫೋಟೊ ಹತ್ತಿರದಿಂದ ತೆಗೆಯಿರಿ. ತಾಮ್ರದ ತುದಿಯಲ್ಲಿ ಸಣ್ಣ ಮಣಿ ಕಟ್ಟಿದ್ದರೆ ಆ ಜಾಗದಲ್ಲಿ ಕರೆಂಟ್ ಇರುವಾಗಲೇ ಶಾರ್ಟ್ ಆಗಿದೆ. ತನಿಖೆ ಮಾಡುವವರು ಮೊದಲು ಹುಡುಕುವುದೇ ಅದನ್ನು, ಹಾಗಾಗಿ ಗಾಡಿಯನ್ನು ಗುಜರಿಗೆ ಹಾಕುವ ಅವಸರ ಬೇಡ.

ಮೂಡಿಗೆರೆ_ಮಳೆ:
ಸರಿ, ಸೋಮವಾರಕ್ಕೆ ಪಾರ್ಟ್ ಇದೆ ಅಂತ ಮೆಸೇಜ್ ಬಂತು. ಅಲ್ಲೀವರೆಗೆ ಮಳೆಯಲ್ಲಿ ಓಡಿಸಬಹುದಾ?

ಹಾಸನ_ಹಾರ್ನೆಸ್:
ಬೇಡ. ಬೇರೆ ದಾರಿ ಇಲ್ಲದಿದ್ದರೆ ಮಳೆ ಬಿಟ್ಟಾಗ, ಹಗಲಲ್ಲಿ, ಎಡ ಅಂಚಿನಲ್ಲಿ. ಹೆಚ್‌ಟಿ ವೈರಿಗೆ ಗ್ರೀಸ್, ಟೇಪ್ ಏನೂ ಹಚ್ಚಬೇಡಿ. ಎಂಜಿನ್ ಓಡುವಾಗ ಅದನ್ನು ಕೈಯಲ್ಲಿ ಮುಟ್ಟಲೇಬೇಡಿ. ಸೋಮವಾರ ಸರ್ವಿಸ್ ಸೆಂಟರಿನವರ ಮುಂದೆಯೇ ಸ್ಪೀಡೋಮೀಟರ್ ಕೆಲಸ ಮಾಡುತ್ತಿದೆಯಾ ನೋಡಿಕೊಂಡು ಸಹಿ ಹಾಕಿ.